ಎಣಿಕೆಗೆ ಸಿಗದ ಎಸೆತಗಳ ಬೌಲರ್ ಪಾಲ್ವಂಕರ್ ಬಾಲೂ

ಭಾರತೀಯ ಕ್ರಿಕೆಟ್‌ನ ಮೊದಲ ಮಹಾನ್ ಸ್ಪಿನ್ ಬೌಲರ್ ಎಂದು ಇತಿಹಾಸಕಾರರು ಗುರುತಿಸುವ ಪಾಲ್ವಂಕರ್ ಬಾಲೂ ಜನಿಸಿದ್ದು 1876ರಲ್ಲಿ, ಧಾರವಾಡದಲ್ಲಿ. ತಂದೆ ಸೇನೆಯ ಕೆಲಸದಲ್ಲಿದ್ದರು. ಕುಟುಂಬವು ಅಂದಿನ ಸಮಾಜ ಅಸ್ಪೃಶ್ಯವೆಂದು ದೂರವಿರಿಸಿದ್ದ ಚಮ್ಮಾರ ಸಮುದಾಯಕ್ಕೆ ಸೇರಿತ್ತು.

ಪುಣೆಯ ಪಾರ್ಸಿ ಕ್ಲಬ್‌ನಲ್ಲಿ ಪಿಚ್ ಗುಡಿಸಿ, ರೋಲರ್ ಎಳೆಯುವುದು ಬಾಲೂ ಅವರ ಮೊದಲ ಉದ್ಯೋಗ. ಸಂಬಳ ತಿಂಗಳಿಗೆ 3 ರೂಪಾಯಿ. 1892ರ ಸುಮಾರಿಗೆ ಯುರೋಪಿಯನ್ನರ ಪೂನಾ ಕ್ಲಬ್ ಸೇರಿದಾಗ ಅದು 4 ರೂಪಾಯಿಗೆ ಏರಿತು. ನೆಲ ಹದಗೊಳಿಸಿ, ನೆಟ್ ಕಟ್ಟಿದ ಮೇಲೆ ಸದಸ್ಯರಿಗೆ ಬೌಲಿಂಗ್ ಮಾಡುವುದೂ ಅವರ ಪಾಲಿಗೆ ಬಂತು. ಗ್ರೇಗ್ ಎಂಬ ಹೆಸರಾಂತ ಬ್ಯಾಟ್ಸ್‌ಮನ್ ಉಳಿದವರಿಗಿಂತ ಮೊದಲೇ ಬಂದು ಅವರ ಎಸೆತಗಳನ್ನು ಎದುರಿಸುತ್ತಿದ್ದರು. ಔಟಾದಾಗಲೆಲ್ಲ 8 ಆಣೆ ನೀಡುತ್ತಿದ್ದರೆಂಬ ಪ್ರತೀತಿ ಇದೆ. ಆದರೆ ಬಾಲೂ ಕೈಗೆ ಬ್ಯಾಟ್ ಬರಲಿಲ್ಲ. ಬ್ಯಾಟಿಂಗ್ ಯಜಮಾನರ ವಿನೋದ, ಬೌಲಿಂಗ್ ಆಳಿನ ದುಡಿಮೆ ಎಂಬುದು ಅಂದಿನ ರೀತಿ.

ವಿಶ್ರಾಂತಿಯಿಲ್ಲದೆ ಮತ್ತೆ ಮತ್ತೆ ಎಸೆಯುವುದರಿಂದ ಭುಜ, ಮೊಣಕೈಗಳ ಸ್ನಾಯು ಮತ್ತು ಅಸ್ಥಿರಜ್ಜುಗಳು ಘಾಸಿಗೊಳ್ಳುತ್ತವೆ ಎಂದು ಇಂದಿನ ಕ್ರೀಡಾ ವೈದ್ಯವಿಜ್ಞಾನ ಹೇಳುತ್ತದೆ. ಅಮೆರಿಕದ ಲಿಟಲ್ ಲೀಗ್ ಬೇಸ್‌ಬಾಲ್ 2007ರಲ್ಲಿ 13ರಿಂದ 16 ವರ್ಷದ ಪಿಚರ್‌ಗಳಿಗೆ ದಿನಕ್ಕೆ 95 ಎಸೆತಗಳ ಮಿತಿ ವಿಧಿಸಿತು. ನಿಧಾನಗತಿಯ ಸ್ಪಿನ್ ಬೌಲಿಂಗ್‌ನ ಒತ್ತಡ ಅಷ್ಟು ತೀವ್ರವಲ್ಲ, ನಿಜ. ಆದರೂ ಅದೇ ವಯಸ್ಸಿನ ಬಾಲೂ ಎಸೆದ ಚೆಂಡುಗಳಿಗೆ ಮಿತಿಯೂ ಇರಲಿಲ್ಲ, ಲೆಕ್ಕವೂ ಇರಲಿಲ್ಲ. ಕೂಲಿಯನ್ನು ಎಣಿಸುವವರಿದ್ದರು, ಎಸೆತವನ್ನು ಎಣಿಸುವವರಿರಲಿಲ್ಲ. ಆ ದಣಿವಿನಲ್ಲೇ ಅವರ ಎಡಗೈ ಪಳಗಿತು.

ಆ ಕೈಯನ್ನು ಬಯಸಿದ ಪುಣೆಯ ಹಿಂದೂ ತಂಡ, ಚಹಾ ವಿರಾಮದಲ್ಲಿ ಮಾತ್ರ ಅವರನ್ನು ಪೆವಿಲಿಯನ್‌ನ ಹೊರಗಿರಿಸಿ ಮಣ್ಣಿನ ಕುಡಿಕೆಯಲ್ಲಿ ಚಹಾ ಕೊಟ್ಟಿತು. 1906ರಲ್ಲಿ ಮುಂಬೈಯಲ್ಲಿ ಹಿಂದೂ ತಂಡ ಯುರೋಪಿಯನ್ನರನ್ನು 109 ರನ್‌ಗಳಿಂದ ಸೋಲಿಸಲು ಬಾಲೂ ಬೌಲಿಂಗ್ ನೆರವಾಯಿತು. 1911ರಲ್ಲಿ ಪಟಿಯಾಲ ಮಹಾರಾಜರ ನಾಯಕತ್ವದ ತಂಡ ಇಂಗ್ಲೆಂಡ್ ಪ್ರವಾಸ ಕೈಗೊಂಡಾಗ ಅವರಿಗೆ 35 ವರ್ಷ. ಬಹುತೇಕ ಪಂದ್ಯಗಳಲ್ಲಿ ಸೋತ ತಂಡದ ಬೌಲಿಂಗ್ ಭಾರ ಹೊತ್ತ ಬಾಲೂ ಒಟ್ಟು 114 ವಿಕೆಟ್ ಕಿತ್ತರು.

ತಂಡದ ನಾಯಕತ್ವ ಮಾತ್ರ ಅವರಿಗೆ ಒಲಿಯಲಿಲ್ಲ. 1923ರಲ್ಲಿ ಆ ಗೌರವ ತಮ್ಮ ವಿಠ್ಠಲ್ ಅವರಿಗೆ ದೊರೆಯಿತು. 1937ರ ಮುಂಬೈ ಶಾಸನಸಭಾ ಚುನಾವಣೆಯಲ್ಲಿ ಅಂಬೇಡ್ಕರ್ ವಿರುದ್ಧ ಸ್ಪರ್ಧಿಸಿ ಸೋತ ಬಾಲೂ, 1955ರ ಜುಲೈ 4ರಂದು ನಿಧನರಾದರು. ಪ್ರಥಮ ದರ್ಜೆಯ 33 ಪಂದ್ಯಗಳಲ್ಲಿ 179 ವಿಕೆಟ್ ಎಂಬುದು ದಾಖಲೆಯಲ್ಲಿದೆ. ಪೂನಾ ಕ್ಲಬ್‌ನ ನೆಟ್‌ನಲ್ಲಿ ಸವೆದ ದಿನಗಳ ಎಸೆತಗಳು ಯಾವ ಅಂಕಪಟ್ಟಿಯಲ್ಲೂ ಇಲ್ಲ.