ಡೆನ್ನಿಸ್ ರಿಚಿ ಮತ್ತು ಏಳು ಕಾಲಂಗಳ ಖಾತೆ

ಸಿ ಭಾಷೆಯನ್ನು ರೂಪಿಸಿದ ಡೆನ್ನಿಸ್ ರಿಚಿ 1941ರ ಸೆಪ್ಟೆಂಬರ್ 9ರಂದು ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ ಹುಟ್ಟಿದರು. ತಂದೆ ಬೆಲ್ ಲ್ಯಾಬ್ಸ್‌ನಲ್ಲಿ ವಿಜ್ಞಾನಿ. ಮಗ ಹಾರ್ವರ್ಡ್‌ನಲ್ಲಿ ಭೌತಶಾಸ್ತ್ರ, ಗಣಿತ ಓದಿ 1967ರಲ್ಲಿ ಅಲ್ಲಿಗೇ ಕೆಲಸಕ್ಕೆ ಸೇರಿದರು. ಪಿಎಚ್‌.ಡಿ. ಪ್ರಬಂಧ ಬರೆದರೂ ಪದವಿ ಪಡೆಯಲಿಲ್ಲ. 1969ರಲ್ಲಿ ಕೆನ್ ಥಾಮ್ಸನ್ ಶುರು ಮಾಡಿದ ಯುನಿಕ್ಸ್‌ಗೆ ಜೊತೆಯಾದರು. 1972ರ ಹೊತ್ತಿಗೆ ಸಿ ಸಿದ್ಧವಾಯಿತು. ಮರುವರ್ಷ ಯುನಿಕ್ಸ್‌ನ ತಿರುಳನ್ನೇ ಇಬ್ಬರೂ ಸಿಯಲ್ಲಿ ಮತ್ತೆ ಬರೆದರು. 1983ರಲ್ಲಿ ಇಬ್ಬರಿಗೂ ಟ್ಯೂರಿಂಗ್ ಪ್ರಶಸ್ತಿ ಬಂತು.

ಇಷ್ಟು ಎಲ್ಲ ಕಡೆ ಸಿಗುತ್ತದೆ. ಕಾಮರ್ಸ್ ವಿದ್ಯಾರ್ಥಿನಿಯಾದ ನನಗೆ ಅವರು ಹತ್ತಿರವಾದದ್ದು ಒಂದು ಖಾತೆ ಪುಸ್ತಕದಿಂದ.

ಯುನಿಕ್ಸ್‌ನಲ್ಲಿ ಒಂದೇ ಯಂತ್ರವನ್ನು ಹಲವರು ಬಳಸುತ್ತಾರೆ. ಯಾರಿಗೆಲ್ಲ ಖಾತೆ ಇದೆ ಎಂಬುದು ಪಾಸ್‌ವರ್ಡ್ ಫೈಲಿನಲ್ಲಿರುತ್ತದೆ. ಲಿನಕ್ಸ್‌ನಲ್ಲಿ ಇಂದಿಗೂ ಹಾಗೆಯೇ. ಒಬ್ಬರಿಗೆ ಒಂದು ಸಾಲು, ಸಾಲಿಗೆ ಏಳು ಕಾಲಂ: ಲಾಗಿನ್ ಹೆಸರು, ಪಾಸ್‌ವರ್ಡ್, ಬಳಕೆದಾರರ ನಂಬರ್, ಗುಂಪಿನ ನಂಬರ್, ಪೂರ್ತಿ ಹೆಸರು, ಹೋಮ್ ಡೈರೆಕ್ಟರಿ, ಶೆಲ್. ಸಿ ಪ್ರೋಗ್ರಾಮಿನಿಂದ ಇದನ್ನು ಓದಲು ಪಿಡಬ್ಲ್ಯುಡಿ ಎಂಬ ಹೆಡರ್ ಫೈಲ್ ಸೇರಿಸಬೇಕು (ರಸ್ತೆ ಹಾಕುವ ಇಲಾಖೆ ಅಲ್ಲ!). ಗೆಟ್‌ಪಿಡಬ್ಲ್ಯುನ್ಯಾಮ್ ಎಂಬ ಫಂಕ್ಷನ್‌ಗೆ ಹೆಸರು ಕೊಟ್ಟರೆ ಆ ಸಾಲನ್ನು ಹುಡುಕಿ, ಕಾಲಂಗಳನ್ನು ಬಿಡಿಸಿ, ಒಂದು ಸ್ಟ್ರಕ್ಚರ್‌ನಲ್ಲಿ ಇಟ್ಟು ಕೊಡುತ್ತದೆ. ಹೆಸರೇ ಇಲ್ಲದಿದ್ದರೆ ನಲ್ ಬರುತ್ತದೆ. ಅದನ್ನು ನೋಡದೆ ಮುಂದುವರಿದರೆ ಪ್ರೋಗ್ರಾಮ್ ನಿಂತುಹೋಗುತ್ತದೆ. ಗೆಟ್‌ಪಿಡಬ್ಲ್ಯುಎಂಟ್ ಅನ್ನು ಮತ್ತೆ ಮತ್ತೆ ಕರೆದರೆ ಒಂದೊಂದೇ ಸಾಲು ಬರುತ್ತಾ ಹೋಗುತ್ತದೆ.

ಆರ್.ಟಿ. ನಗರದಲ್ಲಿ ನಮ್ಮ ಅಬ್ಬಾ ಅವರ ಕಿರಾಣಿ ಅಂಗಡಿಯ ಸಾಲದ ಪುಸ್ತಕವೂ ಹೀಗೇ. ಗಿರಾಕಿ ತನ್ನ ಪುಟ ನೋಡಬಹುದು, ಪೆನ್ ಮಾತ್ರ ಅಬ್ಬಾ ಕೈಯಲ್ಲಿ. ಪಾಸ್‌ವರ್ಡ್ ಫೈಲನ್ನೂ ಎಲ್ಲರೂ ಓದಬಹುದು, ಬರೆಯುವ ಹಕ್ಕು ಸಿಸ್ಟಮ್‌ನ ಯಜಮಾನನಿಗೆ ಮಾತ್ರ. ಹಾಗಾದರೆ ಸಾಮಾನ್ಯ ಬಳಕೆದಾರ ತನ್ನ ಪಾಸ್‌ವರ್ಡ್ ಬದಲಿಸುವುದು ಹೇಗೆ? ಪೆನ್ ಕೊಟ್ಟರೆ ಪಕ್ಕದವರ ಸಾಲನ್ನೂ ತಿದ್ದಬಹುದಲ್ಲ!

ಉತ್ತರ ಕಂಡುಹಿಡಿದವರು ರಿಚಿ. ಪೆನ್ನನ್ನು ಮನುಷ್ಯನಿಗೆ ಕೊಡದೆ ಪ್ರೋಗ್ರಾಮಿಗೆ ಕೊಟ್ಟರು. ಪ್ರೋಗ್ರಾಮ್ ಫೈಲಿನ ಮೇಲೆ ಸೆಟ್‌ಯುಐಡಿ ಎಂಬ ಒಂದು ಗುರುತು. ಅದಿದ್ದರೆ ಯಾರೇ ಆ ಪ್ರೋಗ್ರಾಮನ್ನು ಓಡಿಸಲಿ, ಅದು ಓಡುವಷ್ಟು ಹೊತ್ತು ಅದರ ಒಡೆಯನ ಹಕ್ಕು ಇರುತ್ತದೆ. ಪಾಸ್‌ವರ್ಡ್ ಬದಲಿಸುವ ಪ್ರೋಗ್ರಾಮ್ ಕೇಳಿದವರ ಸಾಲನ್ನಷ್ಟೇ ಮುಟ್ಟುತ್ತದೆ. ಬ್ಯಾಂಕ್ ಕೌಂಟರಿನಲ್ಲಿ ಲೆಡ್ಜರನ್ನು ನಾವು ಮುಟ್ಟದೆ ಗುಮಾಸ್ತರಿಂದ ಬರೆಸುವ ಹಾಗೆ. 1973ರಲ್ಲಿ ಅರ್ಜಿ ಹಾಕಿದ ಇದರ ಪೇಟೆಂಟ್ 1979ರಲ್ಲಿ ಸಿಕ್ಕಿತು. ನನ್ನ ಮಟ್ಟಿಗೆ ಸಿ ಭಾಷೆಯಷ್ಟೇ ದೊಡ್ಡ ಕೆಲಸ ಇದು.

ರಿಚಿ ನ್ಯೂಜೆರ್ಸಿಯ ಮನೆಯಲ್ಲಿ ಒಬ್ಬರೇ ಇದ್ದರು. 2011ರ ಅಕ್ಟೋಬರ್ 12ರಂದು ಅಲ್ಲೇ ತೀರಿಕೊಂಡಿರುವುದು ಗೊತ್ತಾಯಿತು. ವಾರದ ಹಿಂದಷ್ಟೇ ಸ್ಟೀವ್ ಜಾಬ್ಸ್ ಹೋಗಿದ್ದರು, ಜಗತ್ತೆಲ್ಲ ಅವರದೇ ಸುದ್ದಿ. ಜಾಬ್ಸ್ ಮಾರಿದ ಐಫೋನಿನ ಒಳಗೂ ಯುನಿಕ್ಸ್ ಮತ್ತು ಸಿ ಇದ್ದವು.

ಆಮೇಲೆ ಹಳೆಯ ಬಿಎಸ್‌ಡಿ ಯುನಿಕ್ಸ್‌ನ ಒಂದು ಪಾಸ್‌ವರ್ಡ್ ಫೈಲಿನಲ್ಲಿ ರಿಚಿಯವರ ಸಾಲೂ ಸಿಕ್ಕಿತು. ಗೂಢಲಿಪಿಯಲ್ಲಿದ್ದ ಪಾಸ್‌ವರ್ಡನ್ನು ಬಿಡಿಸಿದರು. ನಾಲ್ಕೇ ಅಕ್ಷರ: ಡಿ, ಎಂ, ಎ, ಸಿ. ಅವರ ಪೂರ್ತಿ ಹೆಸರು ಡೆನ್ನಿಸ್ ಮ್ಯಾಕ್‌ಅಲಿಸ್ಟೇರ್ ರಿಚಿ. ಈಗಿನ ಲಿನಕ್ಸ್‌ನಲ್ಲಿ ಎರಡನೇ ಕಾಲಂನಲ್ಲಿ ಬರೀ ಎಕ್ಸ್ ಎಂದಿರುತ್ತದೆ. ಗೂಢಲಿಪಿಯ ಪಾಸ್‌ವರ್ಡ್ ಶ್ಯಾಡೋ ಎಂಬ ಬೇರೆ ಫೈಲಿನಲ್ಲಿರುತ್ತದೆ, ಅದನ್ನು ಸಾಮಾನ್ಯ ಬಳಕೆದಾರರು ಓದಲೂ ಆಗುವುದಿಲ್ಲ.