ಜಾವಾ ಮೋಟಾರು ಸೈಕಲಿನ ಜನಕ ಯಾನೆಚೆಕ್

ಮೈಸೂರಿನಲ್ಲಿ ಒಂದು ಕಾಲಕ್ಕೆ ಮನೆಮಾತಾಗಿದ್ದ ‘ಜಾವಾ’ ಮೋಟಾರು ಸೈಕಲಿನ ಹೆಸರನ್ನು ಕೇಳದ ಕನ್ನಡಿಗರು ವಿರಳ. ಆ ಹೆಸರು ಜಾವಾ ದ್ವೀಪದಿಂದ ಬಂದುದೆಂದು ನಮ್ಮಲ್ಲಿ ಕೆಲವರು ನಂಬಿರುವುದುಂಟು. ವಾಸ್ತವವಾಗಿ ಅದರಲ್ಲಿ ಅಡಗಿರುವುದು ಒಬ್ಬ ಮನುಷ್ಯನ ಹೆಸರಿನ ಮೊದಲ ಅಕ್ಷರ. ಆತನೇ ಝೆಕ್ ನಾಡಿನ ಫ್ರಾಂಟಿಶೆಕ್ ಯಾನೆಚೆಕ್. ದೊಡ್ಡದನ್ನು ಮಾಡಲು ಹೋಗಿ ಸೋತು, ಚಿಕ್ಕದನ್ನು ಮಾಡಿ ಗೆದ್ದವನ ಕಥೆಯಿದು. ತಿಂಗಳ ಸಂಬಳದಲ್ಲಿಯೇ ಸಂಸಾರ ತೂಗಿಸುವ ನಮ್ಮ ವಾಚಕರು ಇದನ್ನು ಅರಿಯಬೇಕೆಂಬುದು ನಮ್ಮ ಆಶಯ.

ಯಾನೆಚೆಕ್ ಹುಟ್ಟಿದ್ದು ೧೮೭೮ರಲ್ಲಿ, ಬೊಹೀಮಿಯದ ಒಂದು ಚಿಕ್ಕ ಹಳ್ಳಿಯಲ್ಲಿ. ಆಗ ಆ ಪ್ರಾಂತ ಆಸ್ಟ್ರಿಯಾ-ಹಂಗೇರಿ ಸಾಮ್ರಾಜ್ಯಕ್ಕೆ ಸೇರಿತ್ತು. ಯಂತ್ರವಿದ್ಯೆಯನ್ನು ಕಲಿತು ಪರದೇಶದಲ್ಲಿಯೂ ದುಡಿದು ಅನುಭವ ಪಡೆದ ಆತನು, ತಾಯ್ನಾಡಿಗೆ ಮರಳಿ ಪ್ರಾಗ್ ನಗರದಲ್ಲಿ ಸ್ವಂತ ಉದ್ಯಮವನ್ನು ಕಟ್ಟಿದನು. ಹೊಸದನ್ನು ಕಲ್ಪಿಸುವ ಬುದ್ಧಿ ಆತನಿಗೆ ಹುಟ್ಟಿನಿಂದಲೇ ಬಂದಿತ್ತು. ಮೊದಲನೆಯ ಮಹಾಯುದ್ಧವು ಆ ಬುದ್ಧಿಯನ್ನು ಶಸ್ತ್ರಗಳ ಕಡೆಗೆ ತಿರುಗಿಸಿತು. ಆತನು ರಚಿಸಿದ ಕೈಬಾಂಬು ಸೈನ್ಯದಲ್ಲಿ ಬಳಕೆಗೆ ಬಂದಿತು. ಯುದ್ಧಾನಂತರ ಆತನು ಆಯುಧಗಳ ಕಾರಖಾನೆಯ ಒಡೆಯನಾದನು.

ಆದರೆ ಶಾಂತಿಕಾಲದಲ್ಲಿ ಕೈಬಾಂಬುಗಳನ್ನು ಕೊಳ್ಳುವವರಾರು? ೧೯೨೦ರ ದಶಕದ ಕೊನೆಗೆ ಆಯುಧಗಳ ಬೇಡಿಕೆ ಇಳಿಯಿತು. ಯಂತ್ರಗಳು ನಿಲ್ಲಬಾರದು, ಕೆಲಸಗಾರರ ಕೂಲಿ ತಪ್ಪಬಾರದು. ಬೇರೆ ಸರಕನ್ನು ಹುಡುಕುವುದು ಆತನಿಗೆ ಅನಿವಾರ್ಯವಾಯಿತು.

ಆ ಸಮಯಕ್ಕೆ ಸರಿಯಾಗಿ ಜರ್ಮನಿಯ ವಾಂಡರರ್ ಕಂಪನಿಯು ತನ್ನ ಮೋಟಾರು ಸೈಕಲಿನ ಉದ್ಯಮದಿಂದ ಹೊರಬರಲು ಬಯಸಿತ್ತು. ೧೯೨೯ರಲ್ಲಿ ಯಾನೆಚೆಕ್ ಅದರ ೫೦೦ ಸಿ.ಸಿ. ಗಾಡಿಯ ಹಕ್ಕನ್ನು ಕೊಂಡನು. ತನ್ನ ಹೆಸರಿನ ಆರಂಭದ ‘ಯಾ’, ವಾಂಡರರ್ ಹೆಸರಿನ ಆರಂಭದ ‘ವಾ’ ಇವೆರಡನ್ನೂ ಕೂಡಿಸಿ ‘ಯಾವಾ’ ಎಂದು ಹೆಸರಿಟ್ಟನು. ಅದೇ ಇಂಗ್ಲಿಷ್ ಓದಿನಲ್ಲಿ ‘ಜಾವಾ’ ಆಗಿ ನಮ್ಮವರೆಗೆ ಬಂದಿತು.

ಆ ಗಾಡಿ ಗಂಭೀರವಾದುದು, ಬೆಲೆಬಾಳುವಂಥದು. ಸರಪಳಿಯ ಬದಲು ದಂಡದ ಮೂಲಕ ಹಿಂದಿನ ಚಕ್ರವನ್ನು ತಿರುಗಿಸುವ ವ್ಯವಸ್ಥೆ ಅದರಲ್ಲಿತ್ತು. ಆದರೆ ಅದರ ದೋಷಗಳೂ ಬೇಗನೆ ಬಯಲಾದವು. ಅದೇ ವರ್ಷ ಜಗತ್ತಿಗೆ ಆರ್ಥಿಕ ಕುಸಿತವು ಬಂದೆರಗಿತು. ಊಟಕ್ಕೇ ತತ್ವಾರವಾದಾಗ ಅಂಥ ಗಾಡಿಯನ್ನು ಕೊಳ್ಳುವವರು ಬೆರಳೆಣಿಕೆಯಷ್ಟು. ಐವತ್ತು ದಾಟಿದ ವಯಸ್ಸಿನಲ್ಲಿ ಕೈಗೊಂಡ ಹೊಸ ಉದ್ಯಮ ಕಣ್ಣೆದುರೇ ಮುಳುಗುವಂತಾಯಿತು.

ಇಲ್ಲಿಯೇ ಆತನ ನಿಜವಾದ ದೊಡ್ಡತನವನ್ನು ನಾವು ಕಾಣುತ್ತೇವೆ. ಸೋಲನ್ನು ಒಪ್ಪಿಕೊಳ್ಳಲು ಆತನು ನಾಚಲಿಲ್ಲ. ಇಂಗ್ಲೆಂಡಿನ ಪ್ಯಾಚೆಟ್ ಎಂಬ ಕುಶಲ ಯಂತ್ರಶಿಲ್ಪಿಯು ಆಗಲೇ ಆತನ ಬಳಿ ಕೆಲಸಕ್ಕಿದ್ದನು. ಆ ನಾಡಿನದೇ ವಿಲಿಯರ್ಸ್ ಎಂಜಿನನ್ನು ಹಗುರವಾದ ಚೌಕಟ್ಟಿನಲ್ಲಿ ಕೂರಿಸಿ, ೧೯೩೨ರಲ್ಲಿ ೧೭೫ ಸಿ.ಸಿ.ಯ ಪುಟ್ಟ ಗಾಡಿಯನ್ನು ಅಗ್ಗದ ಬೆಲೆಗೆ ಮಾರುಕಟ್ಟೆಗೆ ತಂದರು.

ಇದು ‘ಟೂ ಸ್ಟ್ರೋಕ್’ ಎಂಜಿನು. ಸಾಮಾನ್ಯ ಎಂಜಿನಿನಲ್ಲಿ ಪಿಸ್ಟನ್ನು ನಾಲ್ಕು ಬಾರಿ ಚಲಿಸಿದಾಗ ಒಮ್ಮೆ ಶಕ್ತಿ ಹುಟ್ಟಿದರೆ, ಇದರಲ್ಲಿ ಒಮ್ಮೆ ಏರಿ ಒಮ್ಮೆ ಇಳಿದರೆ ಸಾಕು. ಪ್ರತ್ಯೇಕ ಕವಾಟಗಳಿಲ್ಲ, ಸಿಲಿಂಡರಿನ ಗೋಡೆಯ ರಂಧ್ರಗಳನ್ನು ಪಿಸ್ಟನ್ನೇ ಮುಚ್ಚಿ ತೆರೆಯುತ್ತದೆ. ಪೆಟ್ರೋಲಿನಲ್ಲಿಯೇ ಎಣ್ಣೆಯನ್ನು ಬೆರೆಸಿ ಹಾಕುವುದರಿಂದ ಹೊಗೆ ಹೆಚ್ಚೆಂಬುದು ನಿಜ. ಆದರೆ ಬಿಡಿಭಾಗಗಳು ಕಡಿಮೆ, ಬೆಲೆ ಕಡಿಮೆ, ರಿಪೇರಿ ಸುಲಭ. ಬಡವನ ಜೇಬಿಗೆ ಬೇಕಾದುದು ಇದೇ ಅಲ್ಲವೇ? ಆ ಪುಟ್ಟ ಗಾಡಿ ಸಾವಿರಗಟ್ಟಲೆ ಮಾರಾಟವಾಗಿ ಕಾರಖಾನೆಯನ್ನು ಉಳಿಸಿತು.

ಆ ಪಾಠವನ್ನು ಯಾನೆಚೆಕ್ ಮರೆಯಲಿಲ್ಲ. ೧೯೩೪ರಲ್ಲಿ ಜರ್ಮನಿಯ ಡಿ.ಕೆ.ಡಬ್ಲ್ಯು. ಕಂಪನಿಯ ಪರವಾನಿಗೆ ಪಡೆದು ಸಣ್ಣ ಕಾರನ್ನೂ ಹೊರತಂದನು. ೧೯೩೭ರಲ್ಲಿ ಬಂದ ‘ರೋಬೋಟ್’ ಎಂಬ ೯೮ ಸಿ.ಸಿ. ಗಾಡಿ ಇನ್ನೂ ಚಿಕ್ಕದು. ಬೈಸಿಕಲ್ಲಿನಿಂದ ಆಗತಾನೆ ಇಳಿದ ತರುಣನೂ ಅಂಜದೆ ಹತ್ತಬಹುದಾದ ಹಗುರವಾದ ವಾಹನವದು.

೧೯೩೯ರಲ್ಲಿ ಜರ್ಮನ್ ಸೈನ್ಯವು ಆ ನಾಡನ್ನು ಆಕ್ರಮಿಸಿತು. ಕಾರಖಾನೆ ಜರ್ಮನ್ನರ ಯುದ್ಧಕಾರ್ಯಕ್ಕೆ ದುಡಿಯಬೇಕಾಯಿತು. ಆ ಕತ್ತಲೆಯ ನಡುವೆಯೇ ೧೯೪೧ರಲ್ಲಿ ಯಾನೆಚೆಕ್ ಕಣ್ಣು ಮುಚ್ಚಿದನು. ಆತನ ಶಿಲ್ಪಿಗಳು ಮಾತ್ರ ಕೈಕಟ್ಟಿ ಕೂರಲಿಲ್ಲ. ಆಕ್ರಮಣಕಾರರ ಕಣ್ಣು ತಪ್ಪಿಸಿ ೨೫೦ ಸಿ.ಸಿ.ಯ ಹೊಸ ಟೂ ಸ್ಟ್ರೋಕ್ ಗಾಡಿಯನ್ನು ರೂಪಿಸಿದರು. ೧೯೪೬ರಲ್ಲಿ ಅದು ಪ್ಯಾರಿಸ್ ಪ್ರದರ್ಶನದಲ್ಲಿ ಮೆಚ್ಚುಗೆ ಗಳಿಸಿತು. ಅಷ್ಟರಲ್ಲಿ ಕಾರಖಾನೆ ರಾಷ್ಟ್ರದ ಸ್ವತ್ತಾಗುತ್ತಲಿತ್ತು. ಮನೆತನದ ಕೈಯಲ್ಲಿ ಉಳಿಯಲಿಲ್ಲ. ೧೯೫೦ರ ದಶಕದಲ್ಲಿ ತರುಣರಿಗಾಗಿ ‘ಪಿಯೊನೀರ್’ ಎಂಬ ೫೦ ಸಿ.ಸಿ. ಪುಟ್ಟ ಗಾಡಿಯೂ ಜಾವಾ ಹೆಸರಿನಲ್ಲಿಯೇ ಹೊರಬಂದಿತು.

ಆ ಹೆಸರು ನಮ್ಮ ನಾಡಿಗೂ ಬಂದು ನೆಲೆಸಿತು. ಇರಾನಿ ಮನೆತನದವರು ಸ್ಥಾಪಿಸಿದ ಐಡಿಯಲ್ ಜಾವಾ ಕಾರಖಾನೆಯು ೧೯೬೧ರಲ್ಲಿ ಮೈಸೂರಿನ ಯಾದವಗಿರಿಯಲ್ಲಿ ಉತ್ಪಾದನೆಯನ್ನು ಆರಂಭಿಸಿತು. ೧೯೭೩ರಿಂದ ಅಲ್ಲಿಯ ಗಾಡಿಗಳಿಗೆ ‘ಯೆಜ್ದಿ’ ಎಂಬ ಹೆಸರು ಬಂದಿತು. ೧೯೯೬ರಲ್ಲಿ ಕಾರಖಾನೆ ಮುಚ್ಚಿತು. ಅದನ್ನೇ ನಂಬಿ ಬಾಳಿದ್ದ ಕೆಲಸಗಾರರ ಪಾಲಿಗೆ ಅದು ಬರಿಯ ಗಾಡಿಯೊಂದರ ಅಂತ್ಯವಾಗಿರಲಿಲ್ಲ.

ಯಾನೆಚೆಕ್ ಮೈಸೂರನ್ನು ಕಂಡವನಲ್ಲ. ತನ್ನ ಹೆಸರಿನ ತುಣುಕೊಂದು ಅಲ್ಲಿ ಓಡಾಡುವುದೆಂದು ಕನಸಿನಲ್ಲಿಯೂ ಎಣಿಸಿದವನಲ್ಲ. ಶ್ರೀಮಂತರಿಗಾಗಿ ಕಟ್ಟಿದ ಭಾರಿ ಗಾಡಿಯೊಂದಿಗೇ ಆತನ ಉದ್ಯಮ ನಿಂತಿದ್ದರೆ, ಆ ಹೆಸರು ಪ್ರಾಗ್ ನಗರದಲ್ಲಿಯೇ ಅಳಿಯುತ್ತಿತ್ತು. ಸಾಮಾನ್ಯನ ಜೇಬನ್ನು ನೋಡಿ, ನಾಚದೆ ಮತ್ತೆ ಚಿಕ್ಕದರಿಂದ ಮೊದಲು ಮಾಡಿದ್ದರಿಂದ ಅದು ಕಡಲು ದಾಟಿ ನಮ್ಮ ಮನೆಬಾಗಿಲಿಗೆ ಬಂದಿತು. ಊರು ಬಿಟ್ಟು ಬಂದು, ಚಿಕ್ಕ ಕೆಲಸದಿಂದಲೇ ಬದುಕನ್ನು ಆರಂಭಿಸಿದ ನಮ್ಮವರಿಗೆ ಇದಕ್ಕಿಂತ ಹೆಚ್ಚಿನ ಸಮಾಧಾನದ ಮಾತನ್ನು ನಾವು ಹೇಳಬೇಕಾಗಿಲ್ಲ.