ಸೇರದೆ ನಿಂತ ಎರಡು ಕೈಗಳು: ಸತ್ಯಜಿತ್ ರೇ ಮತ್ತು ಮುಗಿಯದ ಮುಕ್ತಾಯ

ಚಿತ್ರಮಂದಿರದಲ್ಲಿ ದೀಪ ಹೊತ್ತಿಕೊಂಡ ಮೇಲೂ ಕಥೆ ನಿಜಕ್ಕೂ ಮುಗಿಯಿತೇ ಎಂಬ ಗೊಂದಲದಲ್ಲೇ ಪ್ರೇಕ್ಷಕರು ಎದ್ದು ಬರುವ ಚಿತ್ರಗಳಿವೆ. ಅಂಥ ಮುಕ್ತಾಯವನ್ನು ನಿರ್ದೇಶಕರ ಅನಿಶ್ಚಯವೆಂದು ದೂರುವವರಿದ್ದಾರೆ. ಯಾರು ಹೇಗೆ ಬೇಕಾದರೂ ಅರ್ಥೈಸಬಹುದೆಂದು ಕೈ ತೊಳೆದುಕೊಳ್ಳುವವರೂ ಇದ್ದಾರೆ. ಈ ಎರಡೂ ನಿಲುವುಗಳು ಅವಸರದವು ಎಂಬುದು ಸತ್ಯಜಿತ್ ರೇ ಅವರ ಬದುಕನ್ನೂ ಅವರ 'ಚಾರುಲತಾ' ಚಿತ್ರವನ್ನೂ ಒಟ್ಟಿಗೆ ನೋಡಿದಾಗ ಮನವರಿಕೆಯಾಗುತ್ತದೆ.

ರೇ ಜನಿಸಿದ್ದು 1921ರ ಮೇ 2ರಂದು, ಕಲ್ಕತ್ತೆಯಲ್ಲಿ. ತಾತ ಉಪೇಂದ್ರಕಿಶೋರ್ ಮತ್ತು ತಂದೆ ಸುಕುಮಾರ್ ಇಬ್ಬರೂ ಬಂಗಾಳಿ ಮಕ್ಕಳ ಸಾಹಿತ್ಯದ ದೊಡ್ಡ ಹೆಸರುಗಳು. ತಂದೆ ತೀರಿಕೊಂಡಾಗ ಬಾಲಕನಿಗೆ ಇನ್ನೂ ಮೂರು ವರ್ಷ ತುಂಬಿರಲಿಲ್ಲ. ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಅರ್ಥಶಾಸ್ತ್ರ, ಶಾಂತಿನಿಕೇತನದಲ್ಲಿ ಚಿತ್ರಕಲೆ ಕಲಿತ ಅವರು 1943ರಲ್ಲಿ ಜಾಹೀರಾತು ಸಂಸ್ಥೆಯೊಂದನ್ನು ಸೇರಿದರು. ವಿಭೂತಿಭೂಷಣ ಬಂದ್ಯೋಪಾಧ್ಯಾಯರ 'ಪಥೇರ್ ಪಾಂಚಾಲಿ' ಕಾದಂಬರಿಯ ಮಕ್ಕಳ ಆವೃತ್ತಿಗೆ ರೇಖಾಚಿತ್ರ ಬರೆಯುವಾಗಲೇ ಆ ಕಥೆ ಅವರ ಮನಸ್ಸಿನಲ್ಲಿ ಬೇರೂರಿತ್ತು.

1950ರಲ್ಲಿ ಕಚೇರಿಯ ಕೆಲಸಕ್ಕಾಗಿ ಲಂಡನ್ನಿಗೆ ಹೋದ ರೇ, ಅಲ್ಲಿ ವಿಟ್ಟೋರಿಯೊ ಡಿ ಸಿಕಾ ಅವರ 'ಬೈಸಿಕಲ್ ಥೀವ್ಸ್' ನೋಡಿದರು. ಕಳುವಾದ ಸೈಕಲ್ಲು ಕೊನೆಗೂ ಸಿಗದೆ, ತಂದೆ-ಮಗ ಕೈ ಹಿಡಿದು ಜನಸಂದಣಿಯಲ್ಲಿ ಕರಗಿಹೋಗುವ ಚಿತ್ರವದು. ಮರುದಿನ ಅವರ ಅನ್ನಕ್ಕೆ ದಾರಿ ಯಾವುದೆಂದು ಚಿತ್ರ ಹೇಳುವುದಿಲ್ಲ. ತಾವೂ ಚಿತ್ರ ನಿರ್ಮಿಸಲೇಬೇಕೆಂಬ ರೇ ಅವರ ಸಂಕಲ್ಪ ಗಟ್ಟಿಯಾದದ್ದು ಇದನ್ನು ನೋಡಿದ ಮೇಲೆಯೇ.

1952ರಲ್ಲಿ 'ಪಥೇರ್ ಪಾಂಚಾಲಿ'ಯ ಚಿತ್ರೀಕರಣ ಆರಂಭವಾಯಿತಾದರೂ ಹಣ ಬೇಗನೆ ಬರಿದಾಯಿತು. ಪತ್ನಿಯ ಒಡವೆಗಳು ಗಿರವಿಗೆ ಹೋದವು. ಕಡೆಗೆ ನೆರವಿಗೆ ಬಂದದ್ದು ಪಶ್ಚಿಮ ಬಂಗಾಳ ಸರ್ಕಾರ. ಚಿತ್ರವನ್ನು ಆಶಾದಾಯಕವಾಗಿ ಮುಗಿಸುವಂತೆ ಸರ್ಕಾರದ ಕಡೆಯಿಂದ ಬಂದ ಸಲಹೆಯನ್ನು ಮಾತ್ರ ರೇ ಒಪ್ಪಲಿಲ್ಲ. 1955ರಲ್ಲಿ ತೆರೆಕಂಡ ಚಿತ್ರದ ಕೊನೆಯಲ್ಲಿ ಬಡ ಕುಟುಂಬವೊಂದು ಎತ್ತಿನ ಗಾಡಿಯೇರಿ ಊರು ಬಿಡುತ್ತದೆ. ಅವರು ತೊರೆದ ಮನೆಯೊಳಕ್ಕೆ ಹಾವೊಂದು ನುಸುಳುತ್ತದೆ.

ಈ ನಿಷ್ಠೆಗೆ ಕಠಿಣ ಪರೀಕ್ಷೆ ಎದುರಾದದ್ದು 1964ರಲ್ಲಿ. ಆ ವರ್ಷದ 'ಚಾರುಲತಾ' ಚಿತ್ರಕ್ಕೆ ಆಧಾರ ರವೀಂದ್ರನಾಥ ಠಾಕೂರರು 1901ರಲ್ಲಿ ಬರೆದ 'ನಷ್ಟನೀಡ', ಅಂದರೆ ಹಾಳಾದ ಗೂಡು. ಪತ್ರಿಕೆಯ ಹುಚ್ಚು ಹತ್ತಿದ ಭೂಪತಿ, ಒಂಟಿತನದಲ್ಲಿ ಬೇಯುವ ಪತ್ನಿ ಚಾರು, ಸಾಹಿತ್ಯಾಸಕ್ತ ಸೋದರಸಂಬಂಧಿ ಅಮಲ್ ಈ ಮೂವರ ನಡುವಿನ ಕಥೆಯಿದು. ಅಮಲ್ ಮನೆ ಬಿಟ್ಟ ನಂತರ ಹೆಂಡತಿಯ ಮನಸ್ಸು ಎಲ್ಲಿತ್ತೆಂಬುದು ಭೂಪತಿಗೆ ಅರಿವಾಗುತ್ತದೆ.

ಠಾಕೂರರ ಕಥೆಯ ಕೊನೆಯಲ್ಲಿ ನಮ್ಮ ಮೈಸೂರಿನ ಹೆಸರು ಬರುವುದು ಕನ್ನಡಿಗರಿಗೆ ಕುತೂಹಲದ ಸಂಗತಿ. ಭೂಪತಿ ಮೈಸೂರಿನ ಪತ್ರಿಕೆಯೊಂದರ ಕೆಲಸಕ್ಕೆ ಹೊರಟು ನಿಲ್ಲುತ್ತಾನೆ. ತನ್ನನ್ನೂ ಕರೆದೊಯ್ಯಲು ಚಾರು ಬೇಡಿದಾಗ ಮೊದಲು ಹಿಂಜರಿದು, ಬಳಿಕ ಮನಸ್ಸು ಕರಗಿ ಕರೆಯುತ್ತಾನೆ. ಆದರೆ ಅಷ್ಟರಲ್ಲಿ ಅವಳೇ ಬೇಡವೆನ್ನುತ್ತಾಳೆ. ಕಥೆ ಅಲ್ಲಿಗೆ ಮುಗಿಯುತ್ತದೆ.

ರೇ ಈ ಕ್ರಮವನ್ನು ತಿರುಗಿಸಿದರು. ಚಿತ್ರದಲ್ಲಿ ಊರೆಲ್ಲ ಸುತ್ತಿ ಮರಳಿದ ಭೂಪತಿಗೆ ಬಾಗಿಲು ತೆರೆದು ಕೈ ಚಾಚುವವಳು ಚಾರು, ಹಿಂಜರಿಯುವವನು ಅವನು. ಅವನ ಕೈಯೂ ನಿಧಾನವಾಗಿ ಮುಂದೆ ಬರುತ್ತದೆ. ಬೆರಳುಗಳು ತಾಗುವ ಮುನ್ನವೇ ಚಲನೆ ನಿಂತು, ಕೈಗಳು, ಮುಖಗಳು, ದೀಪ ಹಿಡಿದ ಸೇವಕ ಒಂದೊಂದೇ ಸ್ತಬ್ಧಚಿತ್ರಗಳಾಗಿ ಮೂಡುತ್ತವೆ. ಕಡೆಗೆ ತೆರೆಯ ಮೇಲೆ ಮೂಲಕಥೆಯ ಹೆಸರು ಕಾಣಿಸಿಕೊಳ್ಳುತ್ತದೆ.

ಅವರಿಬ್ಬರು ಮತ್ತೆ ಒಂದಾದರೇ? ಕೈ ಚಾಚಿದ್ದನ್ನು ಕಂಡವರು ಹೌದೆಂದರು. ಸಮುದ್ರ ತೀರದಲ್ಲಿ ಗಂಡ-ಹೆಂಡತಿ ಕೂಡಿ ಹೊಸ ಪತ್ರಿಕೆಯ ಕನಸು ಕಂಡ ದೃಶ್ಯವೂ ಈ ವಾದದ ಬೆಂಬಲಕ್ಕಿದೆ. ತೆರೆಯ ಮೇಲಿನ ಹೆಸರನ್ನು ಓದಿಕೊಂಡವರು ಗೂಡು ಮುರಿದೇ ಹೋಯಿತೆಂದರು. ಠಾಕೂರರ ಕಥೆಗೆ ರೇ ಅಪಚಾರವೆಸಗಿದರೆಂಬ ಟೀಕೆಯೂ ಬಂತು. ಅದಕ್ಕೆ ಅವರು ತಾವು ಮಾಡಿದ ಬದಲಾವಣೆಗಳನ್ನು ಒಂದೊಂದಾಗಿ ಸಮರ್ಥಿಸಿ ದೀರ್ಘ ಉತ್ತರ ಬರೆದರು. 1965ರ ಬರ್ಲಿನ್ ಚಿತ್ರೋತ್ಸವದಲ್ಲಿ ಈ ಚಿತ್ರಕ್ಕಾಗಿ ಶ್ರೇಷ್ಠ ನಿರ್ದೇಶಕ ಪ್ರಶಸ್ತಿ ಅವರಿಗೆ ಸಂದಿತು.

ಹಾಗಾದರೆ ಇಂಥ ಮುಕ್ತಾಯವನ್ನು ಓದುವ ಬಗೆ ಹೇಗೆ? ಮುಂದೇನಾಯಿತೆಂದು ಊಹಿಸುವುದಕ್ಕಿಂತ ಅಲ್ಲಿಯವರೆಗೆ ತೋರಿಸಿದ್ದನ್ನು ಮತ್ತೆ ನೆನೆಯುವುದು ಲೇಸು. ಚಿತ್ರದ ಆರಂಭದಲ್ಲಿ ಚಾರು ದುರ್ಬೀನಿನಿಂದ ಬೀದಿಯ ಜನರನ್ನು ನೋಡುತ್ತಾಳೆ. ಪುಸ್ತಕದಲ್ಲಿ ಮುಳುಗಿ ಪಕ್ಕದಲ್ಲೇ ಹಾದುಹೋದ ಗಂಡ ಅವಳನ್ನು ಗಮನಿಸುವುದಿಲ್ಲ. ಅದೇ ದುರ್ಬೀನಿನಿಂದ ಅವಳು ದೂರವಾಗುತ್ತಿರುವ ಅವನನ್ನೂ ನೋಡುತ್ತಾಳೆ. ಕೊನೆಯಲ್ಲಿ ಇಬ್ಬರೂ ಪರಸ್ಪರರನ್ನು ನೇರವಾಗಿ ನೋಡುತ್ತಿದ್ದಾರೆ, ಆದರೆ ಹಳೆಯ ಭ್ರಮೆ ಅವರಲ್ಲಿ ಉಳಿದಿಲ್ಲ. ಸಂಸಾರ ಮುಂದುವರಿಯಬಹುದು, ಮೊದಲಿನಂತೆ ಇರಲಾರದು. ಚಾಚಿದ ಕೈಗಳೂ ಹಾಳಾದ ಗೂಡೂ ಒಟ್ಟಿಗೆ ನಿಜ.

1977ರ 'ಶತರಂಜ್ ಕೇ ಖಿಲಾಡಿ'ಯಲ್ಲೂ ರೇ ಮೂಲಕಥೆಯ ಅಂತ್ಯವನ್ನು ಬದಲಿಸಿದರು. ಪ್ರೇಮಚಂದರ ಕಥೆಯಲ್ಲಿ ಪರಸ್ಪರ ಕೊಂದುಕೊಳ್ಳುವ ಇಬ್ಬರು ಜಮೀನ್ದಾರರು ಚಿತ್ರದಲ್ಲಿ ಬದುಕುಳಿದು, ರಾಜ್ಯ ಪರರ ವಶವಾಗುತ್ತಿದ್ದರೂ ಮತ್ತೆ ಚದುರಂಗಕ್ಕೆ ಕೂರುತ್ತಾರೆ.

1983ರಲ್ಲಿ ಹೃದಯಾಘಾತಕ್ಕೆ ಒಳಗಾದ ಬಳಿಕವೂ ಅವರು ಚಿತ್ರಗಳನ್ನು ಮಾಡಿದರು. 1992ರಲ್ಲಿ ಗೌರವ ಆಸ್ಕರ್ ಆಸ್ಪತ್ರೆಯ ಹಾಸಿಗೆಗೇ ಬಂತು. ಅದೇ ವರ್ಷ ಭಾರತರತ್ನವೂ ಸಂದಿತು. 1992ರ ಏಪ್ರಿಲ್ 23ರಂದು ಅವರು ಕೊನೆಯುಸಿರೆಳೆದರು. ಚಾರು ಮತ್ತು ಭೂಪತಿಯ ಕೈಗಳ ಕುರಿತ ಚರ್ಚೆ ಮಾತ್ರ ಇಂದಿಗೂ ನಿಂತಿಲ್ಲ.